ಲೋಳೆಮೀನಿನ ಸಾಕ್ಷಿ

ಮ್ಯೂಸಿಯಮ್ಮಿನ ಗಾಜಿನ ಕಪಾಟು ತೆರೆದಿತ್ತು. ಒಳಗಿನ ಕಲ್ಲು ಮಾಯವಾಗಿತ್ತು. ನಲವತ್ತೈದು ಕೋಟಿ ವರ್ಷದ ಹಿಂದಿನ ಮೀನಿನ ಅಚ್ಚಿದ್ದ ಕಲ್ಲು. ದವಡೆ ಮೂಡಿದ ಮೊಟ್ಟಮೊದಲ ಮೀನು ಇದೇ ಎಂದು ಪ್ರೊಫೆಸರ್ ಹೆಸರು ಮಾಡಿದ್ದು ಅದರಿಂದಲೇ. ನಾಳೆ ಹೊರಗಿನ ತಜ್ಞರು ಅದನ್ನು ಪರೀಕ್ಷಿಸಲು ಬರುವವರಿದ್ದರು.

"ಕೀಲಿ ಇರೋದು ಇಬ್ಬರ ಹತ್ರ," ಎಂದರು ಪ್ರೊಫೆಸರ್, ತನಿಖೆಗೆ ಬಂದ ಇನ್ಸ್‌ಪೆಕ್ಟರಮ್ಮನಿಗೆ. "ನಾನು, ಮತ್ತೆ ತೊಟ್ಟಿಮಾಮ. ನೀವೇ ಯೋಚ್ನೆ ಮಾಡಿ."

ತೊಟ್ಟಿಮಾಮ ಮ್ಯೂಸಿಯಮ್ಮಿನ ಮೀನುತೊಟ್ಟಿಗಳನ್ನು ನೋಡಿಕೊಳ್ಳುವವರು. ನಿವೃತ್ತಿಗೆ ಇನ್ನೊಂದೇ ತಿಂಗಳು. ಕಪಾಟಿನ ಮುಂದೆ ಅವರದೇ ಒದ್ದೆ ಬೂಟಿನ ಗುರುತು.

"ಬೆಳಿಗ್ಗೆ ಮೊದಲು ನೋಡಿದ್ದು ನಾನೇ ಮೇಡಂ, ಅದಕ್ಕೇ ಗುರುತು. ಮೂವತ್ತು ವರ್ಷ ಮಾನವಾಗಿ ದುಡಿದಿದ್ದೀನಿ. ಕಳ್ಳ ಅನ್ನಿಸ್ಕೊಂಡು ಮನೆಗೆ ಹೋಗೋ ಹಾಗೆ ಮಾಡ್ಬೇಡಿ."

ಇನ್ಸ್‌ಪೆಕ್ಟರಮ್ಮನ ಕರುಳು ಚುರುಕ್ ಎಂದಿತು. ಆದರೆ ಕರುಳು ಸಾಕ್ಷಿ ಹೇಳುವುದಿಲ್ಲ.

* * *

ತೊಟ್ಟಿಕೋಣೆಯಲ್ಲಿ ಹಸಿರು ಬೆಳಕು. ಗೋಡೆಯ ಮೇಲೆ ನೀರಿನ ನೆರಳು ತೂಗುತ್ತಿತ್ತು. ಬೆನ್ನೆಲುಬು ಹುಟ್ಟುವ ಮೊದಲಿನ ಯಾವುದೋ ಕಡಲಿನ ತಳದಲ್ಲಿ, ಕನಸಿನಲ್ಲಿ ನಡೆಯುತ್ತಿದ್ದೇನೆ ಅನಿಸಿತು ಅವಳಿಗೆ. ಕೊನೆಯ ತೊಟ್ಟಿಯ ನೀರು ಮಾತ್ರ ಗಂಜಿಯಂತೆ ಗಟ್ಟಿಯಾಗಿತ್ತು. ಒಳಗೆ ಹಗ್ಗದಂಥ ಮೀನುಗಳು ಮೆಲ್ಲಗೆ ತಮ್ಮನ್ನೇ ಗಂಟು ಹಾಕಿಕೊಳ್ಳುತ್ತಿದ್ದವು.

"ಏನಿವು?"

"ಲೋಳೆಮೀನು. ದವಡೆ ಇಲ್ಲ, ನೆಟ್ಟಗೆ ಬೆನ್ನೆಲುಬೂ ಇಲ್ಲ. ಮುಟ್ಟಿದ್ರೆ ನೀರನ್ನೆಲ್ಲ ಲೋಳೆ ಮಾಡ್ತವೆ. ಆಮೇಲೆ ಹೀಗೆ ಗಂಟು ಹಾಕ್ಕೊಂಡು ಮೈ ಒರೆಸ್ಕೊಳ್ತವೆ."

"ನೀವು ತೊಟ್ಟಿ ತೊಳೆಯೋವಾಗ?"

"ನಾನು ಮುಟ್ಟೋದೇ ಇಲ್ಲ. ಆ ಕೊಳವೆಯೊಳಗೆ ತಿನ್ನೋಕೆ ಒಂದು ತುಂಡು ಇಟ್ರೆ ತಾವೇ ನುಗ್ತವೆ. ಕೊಳವೆ ಸಮೇತ ಎತ್ತಿ ಪಕ್ಕದ ತೊಟ್ಟಿಗೆ ಬಿಟ್ಟು, ಆಮೇಲೇ ಮರಳಿಗೆ ಕೈ ಹಾಕೋದು."

ಕೊಳವೆ ಮೊಳೆಗೆ ನೇತಾಡುತ್ತಿತ್ತು. ಒಣಗಿ ಬಿಳಿಚಿತ್ತು.

"ಮೀನು ಎತ್ತಿ, ಮಾಮ," ಎಂದಳು. "ಯಾರೋ ಇದರೊಳಗೆ ಕೈ ಹಾಕಿದ್ದಾರೆ. ಮರಳು ಕೆದಕೋಣ."

* * *

"ಕಲ್ಲು ತೊಟ್ಟಿಯ ಮರಳಲ್ಲಿತ್ತು," ಎಂದಳು ಇನ್ಸ್‌ಪೆಕ್ಟರಮ್ಮ.

"ನಾನು ಹೇಳ್ಲಿಲ್ವಾ? ಮಾಮನೇ!" ಎಂದರು ಪ್ರೊಫೆಸರ್.

"ಮಾಮ ಆಗಿದ್ರೆ ನೀರು ತಿಳಿಯಾಗೇ ಇರ್ತಿತ್ತು. ಈ ಮೀನಿನ ಗುಣ ಗೊತ್ತಿಲ್ಲದೋರು ನೇರ ಕೈ ಹಾಕಿದ್ದಾರೆ. ಆ ಲೋಳೆ ಒಣಗಿದ್ರೆ ಎಳೆಎಳೆಯಾಗಿ ಅಂಟ್ಕೊಂಡಿರುತ್ತಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪ್ರೊಫೆಸರ್ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡರು. ಅವಳು ತೋಳು ಸರಿಸಿದಳು. ಪಟ್ಟಿಯ ತುಂಬ ಬೂದುಬಣ್ಣದ ಎಳೆಗಳು.

"ಕಲ್ಲು ನೀರಲ್ಲಿ ನೆನೆದು, ದವಡೆಯ ಗೆರೆಗೆ ಬಳಿದಿದ್ದ ಮಸಿ ಬಿಟ್ಟಿದೆ, ಸರ್. ಅಡಿಯಲ್ಲಿ ಸೂಜಿಯ ಗೀರು. ಕಲ್ಲಿನ ಮೀನಿಗೆ ದವಡೆ ಇರಲೇ ಇಲ್ಲ, ಕೊರೆದೋರು ನೀವು. ನಾಳೆ ತಜ್ಞರ ಕಣ್ಣಿಗೆ ಬೀಳ್ತಿತ್ತು."

ಪ್ರೊಫೆಸರ್ ಕುಸಿದು ಕೂತರು. "ಒಡೆದುಹಾಕೋಕೆ ಮನಸ್ಸು ಬರ್ಲಿಲ್ಲ. ಇಪ್ಪತ್ತು ವರ್ಷ ಕಲ್ಲಾದ ಮೀನಿನ ಬಗ್ಗೆನೇ ಬರೆದೆ. ಜೀವ ಇರೋದನ್ನ ಒಮ್ಮೆಯೂ ಮುಟ್ಟಿರ್ಲಿಲ್ಲ."

* * *

ತೊಟ್ಟಿಮಾಮ ಹೊಸ ನೀರು ತುಂಬಿಸುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ನಮ್ಮೆಲ್ಲರಿಗಿಂತ ಹಳೇ ನೆಂಟ್ರು ಮೇಡಂ ಇವು. ಮಾತಾಡೋಕೆ ದವಡೆ ಇಲ್ಲ. ಆದ್ರೂ ನನ್ನ ಮಾನ ಉಳಿಸಿದ್ವು."

ಕೊಳವೆಯೊಳಗೆ ಎಂದಿನಂತೆ ಒಂದು ತುಂಡು ಇಟ್ಟರು. ಸ್ವಲ್ಪ ಯೋಚಿಸಿ, ಇನ್ನೊಂದನ್ನೂ ಇಟ್ಟರು.