ಜೋಡಿ ಫೋಟೋ

“ಏ ನೀಲಾ, ನಿಮ್ಮವ್ವನೂ ಸತ್ತಾಳೇನ?” ಕ್ಲಾಸಿನ ಕಾಶಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಅವನ ಬಾಯಿಗೆ ಬೀಗವೇ ಇಲ್ಲ.

ಚೆಂಡುಹೂವಿನ ಮಾಲೆ ಹಿಡಿದಿದ್ದ ನೀಲಾವತಿಯ ಕೈ ಅಲ್ಲೇ ನಿಂತಿತು.

ಮುಂಬಯಿಯ ವಡಾಲದ ಕಾಲೊನಿಯ ಶಾಲೆಯಲ್ಲಿ ಅಂದು ದೇಶ ದೇಶಗಳ ಹಬ್ಬ. ಒಲಿಂಪಿಕ್ಸ್ ಆಗಷ್ಟೇ ಮುಗಿದಿತ್ತಲ್ಲ, ಕ್ಲಾಸಿಗೊಂದು ದೇಶ ಹಂಚಿದ್ದರು; ಐದನೇ ಕ್ಲಾಸಿನವರ ಪಾಲಿಗೆ ಮೆಕ್ಸಿಕೋ ಬಂದಿತ್ತು. ಅಲ್ಲಿಯ ಜನ ವರ್ಷಕ್ಕೊಮ್ಮೆ ತೀರಿಹೋದವರ ಫೋಟೋ ಇಟ್ಟು, ಚೆಂಡುಹೂ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಮನೆಗೆ ಕರೆಯುತ್ತಾರಂತೆ.

“ನಾವು ಎಡೆ ಇಡ್ತೇವಲ್ಲ ಮಕ್ಕಳೇ, ಹಾಗೆಯೇ. ನಿಮ್ಮ ಮನೆಯವರ ಫೋಟೋ ಇದ್ರೆ ತನ್ನಿ” ಎಂದಿದ್ದರು ವಾರಿಜಾ ಟೀಚರ್.

ನೀಲಾವತಿಯ ಅಪ್ಪ ಅಣವೀರಪ್ಪ ಹೋದ ಬೇಸಿಗೆಯಲ್ಲಿ ಘಾಟ್ಕೋಪರಿನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಸತ್ತಿದ್ದ. ಅವನದೆಂದು ಇದ್ದ ಫೋಟೋ ಒಂದೇ. ಅದರಲ್ಲಿ ಅಪ್ಪ ಅವ್ವ ಅಕ್ಕಪಕ್ಕ ಕೂತಿದ್ದರು. ಟ್ರಂಕಿನ ತಳದಲ್ಲಿದ್ದ ಅದನ್ನು ಅವ್ವ ಮುಟ್ಟಗೊಡುತ್ತಿರಲಿಲ್ಲ. ನೀಲಾವತಿ ಕದ್ದು ತಂದಿದ್ದಳು.

ಅಪ್ಪನನ್ನು ಕರೆಯಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಎಲೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟೂ ಆಗಿತ್ತು. ಬದುಕಿರುವವರ ಫೋಟೋಗೆ ಮಾಲೆ ಹಾಕಬಾರದೆಂಬುದು ಅವಳಿಗೆ ಹೊಳೆದದ್ದು ಕಾಶಪ್ಪ ಕೂಗಿದ ಮೇಲೆಯೇ.

ಅಷ್ಟರಲ್ಲಿ ಅವ್ವ ಮಲ್ಲವ್ವ ಕೆಲಸದಿಂದ ನೇರವಾಗಿ ಅಲ್ಲಿಗೇ ಬಂದಳು. ಸೆರಗಿನ ತುಂಬ ಸಿಮೆಂಟು. ಫೋಟೋ ಕಂಡವಳೇ ನಿಂತುಬಿಟ್ಟಳು.

ನೀಲಾವತಿ ಮಾಲೆಯನ್ನು ಹಿಂದಕ್ಕೆಳೆದುಕೊಂಡಳು. “ಅವ್ವಾ, ತಪ್ಪಾತು. ಅಪ್ಪನ ಕಡೆ ಅಷ್ಟ ಹಾಕ್ತೀನಿ...”

“ಫೋಟೋ ಮಡಚಿ ಇಡುವ, ಆಗದಾ?” ಟೀಚರ್ ಗಾಬರಿಯಿಂದ ಕೇಳಿದರು.

“ಬ್ಯಾಡ್ರಿ ಅಕ್ಕೋರ, ಮಡಚಬ್ಯಾಡ್ರಿ.”

ಅವ್ವ ಮಾಲೆಯನ್ನು ತಾನೇ ತೆಗೆದುಕೊಂಡು ಇಬ್ಬರಿಗೂ ಸೇರಿಸಿ ಹಾಕಿದಳು.

“ಆಕಿನೂ ಅವನ ಕೂಡನ ಹೋದ್ಲವಾ” ಎಂದಳು ಮೆಲ್ಲಗೆ, ಫೋಟೋದಲ್ಲಿದ್ದ ತನ್ನನ್ನೇ ತೋರಿಸಿ.

ನೀಲಾವತಿಗೆ ಅಳು ಬಂತು. ಅವಳು ಫೋಟೋ ನೋಡಿದಳು. ಅದರಲ್ಲಿದ್ದ ಅವ್ವನ ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಬಳೆ, ತುಟಿಯಲ್ಲಿ ತಡೆದಿಟ್ಟ ನಗು. ಪಕ್ಕದಲ್ಲಿ ನಿಂತ ಅವ್ವನ ಹಣೆ ಬರಿದು, ಕೈ ಬರಿದು. ಆ ನಗುವ ಅವ್ವನನ್ನು ಅವಳು ಬೇಸಿಗೆಯಿಂದ ನೋಡಿಯೇ ಇರಲಿಲ್ಲ.

ಕಣ್ಣೊರೆಸಿಕೊಂಡು, ಅಪ್ಪನ ಎಲೆಯ ಪಕ್ಕದಲ್ಲಿ ಅವಳು ಇನ್ನೊಂದು ಎಲೆ ಹಾಸಿದಳು.