ಕಂಸ ಮುಗಿದಾಗ ಎರಡು ಪೆಟ್ಟು

ಒಂಬತ್ತಕ್ಕೆ ಟ್ರಸ್ಟಿನ ವಿದ್ಯಾರ್ಥಿವೇತನದ ಪರೀಕ್ಷೆ. ಎಂಟಕ್ಕೇ ಗಣಿತದ ಪ್ರಶ್ನೆಗಳು ತೇರದಾಳದ ಹುಡುಗರ ಫೋನಿನಲ್ಲಿ ಕೇಳಿಸುತ್ತಿದ್ದವು. ಯಾರೋ ಪಿಸುದನಿಯಲ್ಲಿ ಓದಿ ಕಳಿಸಿದ್ದರು. ಬನಹಟ್ಟಿಯ ಕಾಲೇಜಿನ ಕಪಾಟಿನಲ್ಲಿ ಒಂದು ಲಕೋಟೆಯ ಸೀಲು ಒಡೆದಿತ್ತು. ಮೇಲೆ ಉಜ್ವಲಾಳ ಹೆಸರು.

ಉಜ್ವಲಾ ನೇಕಾರರ ಮಗಳು. ಹುಟ್ಟಿನಿಂದ ಕಣ್ಣು ಕಾಣದು. ಪ್ರಶ್ನೆ ಓದಿ ಹೇಳುವವರು ಬೇಕು, ಅದಕ್ಕೇ ಬೇರೆ ಲಕೋಟೆ. ಪಾಸಾದರೆ ಟ್ರಸ್ಟಿನವರು ಡಿಗ್ರಿ ಓದಿಸುತ್ತಾರೆ, ಇಲ್ಲವಾದರೆ ಓದು ಇಲ್ಲಿಗೇ ಮುಗಿಯಿತು.

ಪಿಎಸ್‌ಐ ಮಧುಮತಿ ಜಮಖಂಡಿಯಲ್ಲಿ ಮೂರು ದಿನದ ಬಂದೋಬಸ್ತ್ ಮುಗಿಸಿ ಆಗಷ್ಟೇ ಬೂಟು ಬಿಚ್ಚಿದ್ದಳು. ಮತ್ತೆ ಹಾಕಿಕೊಂಡು ಬಂದಳು. ಟ್ರಸ್ಟಿನವರು ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು. ಸಂಜೆಯೊಳಗೆ ಕಳ್ಳ ಸಿಗದಿದ್ದರೆ ನಾಳೆಯ ಮರುಪರೀಕ್ಷೆಗೆ ಆ ಹುಡುಗಿ ಬರುವುದು ಬೇಡ.

* * *

"ಭಿನ್ನರಾಶಿ ಶುರು. ಅಂಶ, ಎಕ್ಸ್ ಪ್ಲಸ್ ಮೂರು. ಛೇದ, ಎರಡು. ಭಿನ್ನರಾಶಿ ಮುಗೀತು. ಕಂಸ ಶುರು. ಎಕ್ಸ್ ಮೈನಸ್ ಒಂದು. ಕಂಸ ಮುಗೀತು."

ಫೋನಿನಲ್ಲಿ ಬಂದ ಪಿಸುದನಿಯ ಹಿಂದೆ ಟಕ್ ಟಕ್ ಸದ್ದು. ಪಕ್ಕದ ಓಣಿಯ ಪವರ್‌ಲೂಮ್ ಇರಬೇಕೆಂದು ಮಧುಮತಿ ಬಿಟ್ಟಳು.

"ಹಿಂಗ ಓದೋದು ನಾನ ಕಲಿಸಿದ್ದು," ಎಂದರು ಗಣಿತದ ಗಂಗಾಂಬಿಕಾ ಟೀಚರ್. "ಬರೀ ಎಕ್ಸ್ ಪ್ಲಸ್ ಮೂರು ಭಾಗ ಎರಡು ಅಂದ್ರ, ಮೂರನ್ನಷ್ಟ ಭಾಗಿಸೋದೋ, ಎಲ್ಲಾನೋ? ಕೇಳಾವ್ರಿಗೆ ತಿಳಿಯಂಗಿಲ್ಲ."

"ಎಷ್ಟ ಮಂದಿಗೆ ಕಲಿಸೀರಿ?"

"ಇಬ್ಬರಿಗೇರಿ. ಕ್ಲರ್ಕ್ ಧರೆಪ್ಪ, ಲೈಬ್ರರಿ ಕಲ್ಮೇಶ."

ಲಕೋಟೆಗಳು ಕಾಲೇಜಿಗೆ ಬಂದದ್ದು ನಿನ್ನೆ, ಟೀಚರು ನಿನ್ನೆಯೆಲ್ಲ ಮಹಾಲಿಂಗಪುರದ ಮದುವೆಯಲ್ಲಿದ್ದರು. ಕಪಾಟಿನ ಕೀಲಿ ಧರೆಪ್ಪನದು. ಅವನು ಬೆವರಿದ. "ಕೀಲಿ ಬಾಗಿಲ ಮೊಳಿಗೇ ತೂಗಾಡತಿರತೈತ್ರಿ ಮೇಡಂ! ಯಾರ ಬೇಕಾದ್ರೂ ತಗೀಬಹುದು."

ಕಲ್ಮೇಶ ಎರಡು ವರ್ಷದಿಂದ ಉಜ್ವಲಾಳಿಗೆ ಓದುವವನು. ಅವನು ಬೆವರಲಿಲ್ಲ. "ಇವತ್ತ ಹೆಂಗೂ ನನ್ನ ಕೈಗೇ ಕೊಡತಿದ್ರಲ್ರಿ. ನಾ ಯಾಕ ಒಡೀಲಿ?"

ಮಾತು ಸರಿಯಾಗೇ ಇತ್ತು. ಮಧುಮತಿ ಆರಿದ ಚಹಾ ಕುಡಿದು "ಆರೋಪಿ, ಧರೆಪ್ಪ" ಎಂದು ಗೊಣಗುತ್ತ ಬರೆಯತೊಡಗಿದಳು.

* * *

"ಮೇಡಂ, ಅದು ಮಗ್ಗ ಅಲ್ರಿ."

ಮೂಲೆಯಲ್ಲಿ ಕೂತ ಉಜ್ವಲಾ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ.

"ಮಗ್ಗ ಒಂದ ಸಮ ಬಡೀತೈತಿ. ಇದು ಕಂಸ ಶುರುವಾದ್ರ ಒಂದ ಸಲ, ಮುಗಿದ್ರ ಎರಡ ಸಲ. ಕಂಸದಾಗ ಕಂಸ ಬಂದ್ರ ನಂಗ ದಾರಿ ತಪ್ಪತಿತ್ತು. ಅದಕ್ಕ ಕಲ್ಮೇಶ ಸರ್ ಬೆರಳಲೆ ಟೇಬಲ್ ಕುಟ್ಟತಿದ್ರು. ಟೀಚರಿಗೂ ಗೊತ್ತಿಲ್ಲ."

"ಮೊದಲ ಯಾಕ ಹೇಳಲಿಲ್ಲ ಯವ್ವಾ?"

"ಅವರ ಹೆಸರು ಹೇಳಿದ್ರ ನಾಳೆ ನಂಗ ಯಾರ ಓದತಾರ್ರಿ?" ಹುಡುಗಿ ಅಳತೊಡಗಿದಳು. "ಆದ್ರ ಧರೆಪ್ಪಣ್ಣ ಏನೂ ಮಾಡಿಲ್ಲ."

ಮಧುಮತಿ ಪುಸ್ತಕ ತೆರೆದು ಇಬ್ಬರಿಗೂ ಒಂದೇ ಲೆಕ್ಕ ಕೊಟ್ಟಳು. ಧರೆಪ್ಪ ತಡವರಿಸುತ್ತ ಓದಿದ, ಕೈ ಅಲುಗಲಿಲ್ಲ. ಕಲ್ಮೇಶ ಕೈಕಟ್ಟಿ ನಿಂತು ಓದಿದ. ಎರಡನೇ ಕಂಸ ಮುಗಿಯುವಾಗ ಅವನ ಬೆರಳು ತನ್ನ ತೋಳಿನ ಮೇಲೇ ಎರಡು ಸಲ ಬಡಿಯಿತು. ಅವನೇ ಅದನ್ನು ನೋಡಿ ಕೈ ಕೆಳಗಿಳಿಸಿದ.

"ಹಾಳಿ ಮ್ಯಾಲ ನಂಬರ್ ಐತಿ. ಫೋಟೋ ತಗದ್ರ ಯಾರ ಲಕೋಟೆ ಅಂತ ಸಿಗತಿತ್ತು," ಎಂದಳು ಮಧುಮತಿ. "ಅದಕ್ಕ ಓದಿದಿ. ದನಿ ಮುಚ್ಚಿಟ್ಟಿ. ಇವತ್ತು ಈ ಲಕೋಟೆ ನಿನ್ನ ಕೈಗೇ ಬರತಿತ್ತು, ಸೀಲ್ ಒಡದದ್ದು ಯಾರಿಗೂ ಕಾಣತಿರಲಿಲ್ಲ. ಆದ್ರ ನಿನಗ ಹಾಳಿ ಹಿಂದಿನ ದಿನಾನ ಬೇಕಾಗಿತ್ತು. ಯಾರಿಗೆ?"

"ತೇರದಾಳದಾಗ ನಮ್ಮ ಅಕ್ಕನ ಮಗ ಇದ ಪರೀಕ್ಷಾ ಬರಿಯಾವ ಇದ್ನರಿ. ಅವನೊಬ್ಬಗ ಕಳಿಸಿದ್ದೆ. ಅವ ಊರಿಗೆಲ್ಲ ಹಂಚಿದ."

"ಸೀಲ್ ಒಡದದ್ದು ನೀನು, ಹೆಸರು ಕೆಟ್ಟದ್ದು ಈಕೀದು. ಬೆಳಿಗ್ಗಿಂದ ನೋಡಕೋತ ನಿಂತೆಲ್ಲೋ?"

ಮಧುಮತಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ದಣಿವು ಮಾತ್ರ.

* * *

ಮರುದಿನ ಓದಲು ಕೂತವನು ಧರೆಪ್ಪ. ಎಲ್ಲ ಕೇಳಿ ತಿಳಿದಿದ್ದ ಅವನು ಬೆರಳು ಮಡಚಿ ಟೇಬಲ್ಲಿನ ಮೇಲೆ ಹಿಡಿದ.

"ಶುರುವಿಗೆ ಒಂದ, ಮುಗಿದ್ರ ಎರಡ. ಹೌದಿಲ್ಲೋ?"

"ಕುಟ್ಟಬ್ಯಾಡ್ರಿ ಅಣ್ಣಾ," ಎಂದಳು ಉಜ್ವಲಾ. "ಬಾಯಿಲೇ ಹೇಳ್ರಿ. ನಾನ ಲಕ್ಷ್ಯ ಇಟ್ಟು ಕೇಳತೇನಿ."