ನೂರಿಪ್ಪತ್ತು ಗ್ರಾಂ

ಕೆಲಸ ಒಂದೇ ಸಾಲಿನದು: ಕಾಡು ದಾಟಿ, ಬೆಟ್ಟದ ಕತ್ತಿಯಂಚಿನಂಥ ಏಣು ಹತ್ತಿ, ನೆತ್ತಿಯ ಮೇಲಿರುವ ಮಳೆಮಾಪಕದ ಪೆಟ್ಟಿಗೆ ತೆರೆದು, ಒಳಗಿರುವ ಉಗುರಿನಗಲದ ಮೆಮೊರಿ ಕಾರ್ಡನ್ನು ಒದ್ದೆಯಾಗದಂತೆ ಕೆಳಗೆ ತರಬೇಕು. ಎರಡು ವರ್ಷದ ಮಳೆಯ ಲೆಕ್ಕ ಅದರಲ್ಲಿತ್ತು. ಪೆಟ್ಟಿಗೆಯ ರಬ್ಬರ್ ಪಟ್ಟಿ ಹಳತಾಗಿ ಒಳಗೆ ತೇವ ಏರುತ್ತಿದೆ ಎಂದು ದಿನಾ ಬರುವ ರೇಡಿಯೊ ಸಂಕೇತ ಹೇಳುತ್ತಿತ್ತು. ಇನ್ನು ಹದಿನೈದು ದಿನ ಬಿಟ್ಟರೆ ಕಾರ್ಡು ಕೈತಪ್ಪಿದಂತೆಯೇ.

ಹೊರಡುವವರು ಮೂವರು. ಒಬ್ಬರು ಮಳೆಯ ಲೆಕ್ಕ ಇಡುವ ಕಚೇರಿಯ ಮುಖ್ಯಸ್ಥೆ, ಎಲ್ಲರಿಗೂ ಮೇಡಂ. ಇನ್ನೊಬ್ಬ ಆ ಪೆಟ್ಟಿಗೆಯನ್ನು ಕೈಯಾರೆ ಕಟ್ಟಿದ ಉಪಕರಣ ತಯಾರಕ. ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ನೋಡುವ ಅವನಿಗೆ ಕಚೇರಿಯವರು ಇಟ್ಟ ಹೆಸರು ತಕ್ಕಡಿ. ಮೂರನೆಯವನು ಹಗ್ಗ, ಬಂಡೆಗಳ ಸ್ವಭಾವ ಬಲ್ಲ ಅಗ್ನಿಶಾಮಕ ದಳದವನು. ಗ್ರಹಚಾರಕ್ಕೆ ಅವನು ತಕ್ಕಡಿಯ ಷಡ್ಡಕನೂ ಹೌದು, ಹೆಂಡತಿಯ ತಂಗಿಯ ಗಂಡ.

ಆರು ವರ್ಷದಿಂದ ಈ ಮನುಷ್ಯ ತಕ್ಕಡಿಯ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅತ್ತೆಯ ಮನೆಯಲ್ಲಿ ನಲ್ಲಿ ಸೋರಿದರೆ ಫೋನು ಹೋಗುವುದು ಅವನಿಗೆ. ಮಕ್ಕಳು ಜೋತು ಬೀಳುವುದು ಅವನ ಭುಜಕ್ಕೆ. ತಕ್ಕಡಿ ಮೂರು ದಿನ ಯೋಚಿಸಿ ಹೇಳಿದ ಜೋಕಿಗೆ ಯಾರೂ ನಗುತ್ತಿರಲಿಲ್ಲ. ಷಡ್ಡಕ ಬಾಯಿ ತೆರೆಯುವ ಮೊದಲೇ ಎಲ್ಲರ ಹಲ್ಲು ಹೊರಗೆ. ವಯಸ್ಸಿನಲ್ಲಿ ತನಗಿಂತ ಚಿಕ್ಕವನಾದರೂ ತಕ್ಕಡಿ ಅವನಿಗೆ ಇಂದಿಗೂ ‘ನೀವು’ ಎನ್ನುತ್ತಿದ್ದ. ದೂರ ಇಡಲು ಅದಕ್ಕಿಂತ ಮರ್ಯಾದೆಯ ಬೇಲಿ ಅವನಿಗೆ ಹೊಳೆದಿರಲಿಲ್ಲ.

ಈಗ ಮೇಡಂ ಪೆಟ್ಟಿಗೆ ತೆರೆಯುವುದನ್ನು ಷಡ್ಡಕನಿಗೂ ಕಲಿಸಿಡಲು ಹೇಳಿದ್ದರು. ತಕ್ಕಡಿ ಅದಕ್ಕೆ ಇಡೀ ದಿನ ತೆಗೆದಿಟ್ಟಿದ್ದ. ಷಡ್ಡಕ ಇಪ್ಪತ್ತು ನಿಮಿಷದಲ್ಲಿ ಕಲಿತು ಟೀ ಕುಡಿಯಲು ಎದ್ದ.

“ಮೇಲೆ ಹೋದಾಗ ಯಾರ ಕೈ ನಡುಗಲ್ವೋ ಅವರು ತೆಗೀತಾರೆ,” ಎಂದರು ಮೇಡಂ.

ತನ್ನ ಪೆಟ್ಟಿಗೆಯನ್ನು ಬೇರೆಯವರು, ಅದರಲ್ಲೂ ಇವನು, ತೆರೆಯುವುದೆಂದರೆ? ಬೆನ್ನ ಮೇಲೆ ಹೊರೆ ಕಡಿಮೆಯಾದಷ್ಟೂ ಸುಸ್ತು ಕಡಿಮೆ, ಸುಸ್ತು ಕಡಿಮೆಯಾದಷ್ಟೂ ಕೈ ಸ್ಥಿರ. ತಕ್ಕಡಿ ಆ ಕ್ಷಣದಿಂದಲೇ ಗ್ರಾಂ ಎಣಿಸತೊಡಗಿದ.

ಏಣಿನ ಕೆಳಗಿನ ನೆಲವೆಲ್ಲ ಜೌಗು, ಮಲಗಲು ಎರಡು ಮರಗಳ ನಡುವೆ ಜೋಲಿಯೇ ಗತಿ. ಮಳೆಯಂಗಿ ಬೇರೆ, ಸೂರು ಬೇರೆ ಹೊರುವ ಹಾಗಿರಲಿಲ್ಲ. ಆದ್ದರಿಂದ ಪೊಂಚೊ ಟಾರ್ಪ್: ನಡೆಯುವಾಗ ತಲೆ ತೂರಿಸಿ ಹೊದ್ದುಕೊಳ್ಳುವ ಹಾಳೆ, ತಂಗಿದಾಗ ಜೋಲಿಯ ಮೇಲೆ ಕಟ್ಟುವ ಮಾಡು. ಅಂಗಡಿಯಲ್ಲಿ ಷಡ್ಡಕ ಒಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಉದ್ದಕ್ಕೆ ಮಲಗಿ, ಕಾಲ ಬಳಿ ಎರಡು ಗೇಣು ಉಳಿಯುತ್ತದೆಯೇ ಎಂದು ನೋಡಿದ. ಬೇರೆ ಗಿರಾಕಿಗಳು ನಕ್ಕರು, ಅವನೂ ನಕ್ಕ. ಅವನು ಆರಿಸಿದ್ದು ಮುನ್ನೂರ ಹತ್ತು ಗ್ರಾಮಿನದು.

ತಕ್ಕಡಿ ನೂರ ತೊಂಬತ್ತು ಗ್ರಾಮಿನದನ್ನು ಹಿಡಿದ. ಅಗಲ ಉದ್ದ ಎರಡೂ ಕಡಿಮೆ. ಆದರೆ ಮೂಲೆಯಿಂದ ಮೂಲೆಗೆ ಕಟ್ಟಿದರೆ ಜೋಲಿಯ ಎರಡೂ ತುದಿಗೆ ಹದಿನೈದು ಸೆಂಟಿಮೀಟರ್ ಹೆಚ್ಚೇ ಬರುತ್ತದೆ ಎಂದು ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ.

“ಅಣ್ಣಾ, ಅದು ಕರವಸ್ತ್ರದ ಹಾಗಿದೆಯಲ್ಲ?” ಎಂದ ಷಡ್ಡಕ.

“ನೂರಿಪ್ಪತ್ತು ಗ್ರಾಂ,” ಎಂದ ತಕ್ಕಡಿ. “ನಿಮ್ಮದಕ್ಕಿಂತ ಕಡಿಮೆ.”

ಮೊದಲ ದಿನ ದಾರಿ ಸುಲಭವಾಗಿತ್ತು. ಎತ್ತರದ ಮರಗಳ ಬುಡದಲ್ಲಿ ನಸುಗತ್ತಲೆ, ಹೆಜ್ಜೆ ಇಟ್ಟಲ್ಲೆಲ್ಲ ಕೊಳೆತ ಎಲೆಯ ವಾಸನೆ, ಎಲ್ಲೋ ಕಾಣದ ತೊರೆಯೊಂದರ ಸದ್ದು ಬಲಕ್ಕೂ ಎಡಕ್ಕೂ ಜಾಗ ಬದಲಿಸುತ್ತ ಜೊತೆಗೇ ಬಂತು. ತಕ್ಕಡಿ ಮುಂದೆ ಮುಂದೆ ನಡೆದ. ಎರಡನೆಯ ಸಂಜೆ ಏಣಿನ ಬುಡ ತಲುಪಿ ಜೋಲಿ ಕಟ್ಟುವ ಹೊತ್ತಿಗೆ ಗಾಳಿ ಎದ್ದಿತು.

ಮಳೆ ಓರೆಯಾಗಿ ಬಂತು.

ತಕ್ಕಡಿ ಜೋಲಿಯ ಹಗ್ಗ ಹಿಡಿದು ಅದನ್ನೇ ನೋಡಿದ. ಏಣಿನ ಮೇಲೆ ಮಳೆ ನೆಟ್ಟಗೆ ಬೀಳುವುದಿಲ್ಲ. ಮಾಪಕದ ಬಾಯಿಗೆ ಸುತ್ತಲೂ ಗಾಳಿತಡೆ ಕೂರಿಸಿದವನು ಅವನೇ; ಮಳೆ ಬೀಳುವ ಕೋನದ ಮೇಲೆ ಹನ್ನೆರಡು ಪುಟದ ವರದಿ ಬರೆದವನೂ ಅವನೇ. ಅಂಗಡಿಯಲ್ಲಿ ನಿಂತಾಗ ಮಾತ್ರ ಅವನ ತಲೆಯೊಳಗೆ ಮಳೆ ಗುಂಡುಸೂಜಿ ಬಿಟ್ಟ ಹಾಗೆ ನೆಟ್ಟಗೆ ಬಿದ್ದಿತ್ತು. ಅಲ್ಲಿ ಷಡ್ಡಕನ ಹಾಳೆಯೊಂದು ಬಿಟ್ಟರೆ ಅವನಿಗೆ ಬೇರೇನೂ ಕಂಡಿರಲಿಲ್ಲ.

ಕಾಲ ಕಡೆಯಿಂದ ನೀರು ನುಗ್ಗಿ ಜೋಲಿಯ ನಡುವಿಗೆ ಇಳಿಯಿತು. ಪಕ್ಕದ ಮರಗಳ ನಡುವೆ ಷಡ್ಡಕ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದ. ನಡುವೆ ಒಮ್ಮೆ ಎದ್ದು, ಜಾಗ ಬದಲಿಸೋಣವೇ ಎಂದು ಕೇಳಿದ. ತನಗೆ ಸುಖವಾಗೇ ಇದೆ ಎಂದ ತಕ್ಕಡಿ, ಹಲ್ಲು ಕಟಕಟಿಸುವ ಸದ್ದು ಕೇಳದಿರಲೆಂದು ದವಡೆ ಬಿಗಿಹಿಡಿದು.

ಬೆಳಿಗ್ಗೆ ಏಣು.

ಎಡಕ್ಕೆ ಮೋಡ, ಬಲಕ್ಕೆ ಮೋಡ. ನಡುವೆ ಎರಡು ಹೆಜ್ಜೆ ಅಗಲದ ಬಂಡೆ.

ಗಾಳಿ ತಕ್ಕಡಿಯ ತೆಳು ಹಾಳೆಯೊಳಗೆ ಹೊಕ್ಕಿತು. ಹಾಳೆ ಹಾಯಿಯಂತೆ ಉಬ್ಬಿತು. ಒಂದು ಕಾಲು ಬಂಡೆ ಬಿಟ್ಟಿತು.

ಹಿಂದಿನಿಂದ ಒಂದು ಕೈ ಅವನ ಬೆನ್ನುಚೀಲದ ಪಟ್ಟಿ ಹಿಡಿದು ನೆಲಕ್ಕೆ ಒತ್ತಿತು.

“ಕೂತ್ಕೊಳ್ಳಿ ಅಣ್ಣಾ. ಕೂತ್ಕೊಂಡೇ ಬನ್ನಿ,” ಎಂದ ಷಡ್ಡಕ. ಉಳಿದ ದೂರವನ್ನು ಮೂವರೂ ತೆವಳಿ ದಾಟಿದರು.

ಪೆಟ್ಟಿಗೆ ತನ್ನ ಕಂಬದ ಮೇಲೆ ಹಾಗೇ ಇತ್ತು. ತಕ್ಕಡಿ ಸ್ಕ್ರೂಡ್ರೈವರ್ ತೆಗೆದ. ತುದಿ ಸ್ಕ್ರೂವಿನ ಗೆರೆಗೆ ಕೂರಲಿಲ್ಲ. ಮತ್ತೆ ಇಟ್ಟ, ಜಾರಿತು. ತೋಳಿನಿಂದ ನೀರು ಮುಚ್ಚಳದ ಮೇಲೆ ತೊಟ್ಟಿಕ್ಕುತ್ತಿತ್ತು.  ಷಡ್ಡಕ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಆ ಸೌಜನ್ಯ ತಕ್ಕಡಿಯ ಮೈಯೆಲ್ಲ ಉರಿಸಿತು. ಇವನು ಒಮ್ಮೆಯಾದರೂ ಹಂಗಿಸಬಾರದೇ?

ಅವನು ತನ್ನ ಕೈಯನ್ನು ನೋಡಿದ. ಬೇರೆ ಯಾರದೋ ಕೈಯಂತೆ ಅದು ನಡುಗುತ್ತಿತ್ತು. ಒಳಗೆ ಎರಡು ವರ್ಷದ ಮಳೆ. ಒಂದು ಹನಿ ಬಿದ್ದರೆ ಮುಗಿಯಿತು.

“ತಗೋ,” ಎಂದ. “ನೀನೇ ತೆಗಿ. ನಿನ್ನ ಹಾಳೆ ಬಿಚ್ಚಿ ಇಲ್ಲಿ ಕೊಡು.”

ಷಡ್ಡಕ ಒಂದು ಕ್ಷಣ ಅವನ ಮುಖ ನೋಡಿ, ಹೊದ್ದಿದ್ದನ್ನು ಬಿಚ್ಚಿ ಕೊಟ್ಟ. ತಕ್ಕಡಿ ಅದರ ಮೇಲೆ ತನ್ನ ಹಾಳೆಯನ್ನೂ ಹೊದಿಸಿ, ಗಾಳಿಗೆ ಬೆನ್ನು ಕೊಟ್ಟು, ಎರಡು ತೋಳನ್ನೂ ಚಾಚಿ ಬಾಗಿ ನಿಂತ. ಮೇಡಂ ಕೆಳಗಿನ ಮೂಲೆಗಳ ಮೇಲೆ ಮೊಣಕಾಲೂರಿದರು. ಮಳೆ ಎಷ್ಟು ಓರೆ, ಗಾಳಿ ಯಾವಾಗ ಮಗ್ಗುಲು ಬದಲಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ಗಾಳಿಯ ಜೊತೆ ತಾನೂ ಅರ್ಧರ್ಧ ಹೆಜ್ಜೆ ತಿರುಗಿದ.

ನಾಲ್ಕು ಸ್ಕ್ರೂ ಬಿಚ್ಚಿದವು. ಮುಚ್ಚಳ ಏಳಲಿಲ್ಲ. ರಬ್ಬರ್ ಅಂಟಿಕೊಂಡಿದೆ, ಜೋರಾಗಿ ಎಳೆಯಲೇ ಎಂದು ಹಾಳೆಯಡಿಯಿಂದ ಷಡ್ಡಕ ಕೇಳಿದ.

“ಎಳೀಬೇಡ. ಎಳೆದರೆ ಅಂಚಿನ ನೀರು ಒಳಗೆ ಬೀಳುತ್ತೆ. ಮೊದಲು ಅಂಚು ಒರೆಸು. ಎಡಮೂಲೆ ಕೆಳಗೆ ಒಂದು ಸಂದು ಇದೆ, ಬೆರಳಿಗೆ ಸಿಗುತ್ತೆ. ಸಿಕ್ತಾ?”

“ಸಿಕ್ತು. ಇದನ್ನ ನೀವು ಹೇಳೇ ಕೊಟ್ಟಿರಲಿಲ್ಲ.”

“ಇಲ್ಲ,” ಎಂದ ತಕ್ಕಡಿ. “ಬೇಕಂತಲೇ.”

 ಹಾಳೆಯಡಿಯಿಂದ ಷಡ್ಡಕನ ನಗು ಕೇಳಿಸಿತು, ಅದರ ಹಿಂದೆಯೇ ಮುಚ್ಚಳ ಬಿಟ್ಟುಕೊಂಡ ‘ಪಕ್’ ಎಂಬ ಸದ್ದು. ಕಾರ್ಡು ಒಣ ಡಬ್ಬಿ ಸೇರಿತು. ತಕ್ಕಡಿಯ ತೋಳುಗಳು ಮಾತ್ರ ಕೆಳಗಿಳಿಯಲಿಲ್ಲ. ಮೇಡಂ ಅವರೇ ಹಿಡಿದು ಇಳಿಸಬೇಕಾಯಿತು.

ವಾಪಸಿಗೆ ಎರಡು ದಿನ ಹಿಡಿಯಿತು. ಕಾರ್ಡಿನಲ್ಲಿ ಒಂದು ದಿನದ ದಾಖಲೆಯೂ ತಪ್ಪಿರಲಿಲ್ಲ.

ಭಾನುವಾರ ಅತ್ತೆಯ ಮನೆಯ ಊಟದ ಮೇಜಿನ ಮೇಲೆ ಷಡ್ಡಕ ಉಪ್ಪಿನ ಡಬ್ಬಿಯನ್ನು ಪೆಟ್ಟಿಗೆ ಮಾಡಿ, ತಟ್ಟೆಗಳ ಸಾಲನ್ನು ಏಣು ಮಾಡಿ ಕತೆ ಹೇಳಿದ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಅಕ್ಕತಂಗಿಯರು ಬಡಿಸುವುದನ್ನೇ ಮರೆತರು. ತಕ್ಕಡಿ ಸಂದಿನ ವಿಷಯ ಮುಚ್ಚಿಟ್ಟಿದ್ದನ್ನು ಮಾತ್ರ ಅವನು ಎತ್ತಲೇ ಇಲ್ಲ. ತಾನೇ ಅಲ್ಲಿದ್ದರೂ ತನಗೆ ಇಷ್ಟು ಚೆನ್ನಾಗಿ ಕಂಡಿರಲಿಲ್ಲವಲ್ಲ ಎಂದು ತಕ್ಕಡಿಗೆ ಮತ್ತೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಹಳೆಯ ಉರಿಯೇ, ಆದರೆ ಈಗ ಅದರ ಪಕ್ಕದಲ್ಲಿ ಕೂತು ಊಟ ಮಾಡಬಹುದಿತ್ತು.

“ಎಲ್ಲ ಇವನೇ ಮಾಡಿದ್ರೆ ನೀವೇನು ಮಾಡ್ತಿದ್ರಿ?” ಎಂದು ಅತ್ತೆ ತಕ್ಕಡಿಯನ್ನು ಕೇಳಿದರು.

“ನಾನು ಬಟ್ಟೆ ಹಿಡ್ಕೊಂಡು ನಿಂತಿದ್ದೆ,” ಎಂದ ತಕ್ಕಡಿ.

ಮೇಜೆಲ್ಲ ಒಮ್ಮೆಲೇ ನಕ್ಕಿತು. ತಾನು ಜೋಕು ಹೇಳಿರಲಿಲ್ಲ ಎನ್ನಲು ಅವನು ಬಾಯಿ ತೆರೆದ. ಆಮೇಲೆ ಯಾಕೋ ಬೇಡವೆನಿಸಿ, ಷಡ್ಡಕನ ತಟ್ಟೆಗೆ ಅನ್ನ ಬಡಿಸಿದ.